ಅಳೋಕೂ ಇಂಗ್ಲಿಷೇ ಬೇಕಾ?

'ಎಮೋ ರಾಕ್ ಎಲ್ಲ ಕನ್ನಡಕ್ಕೆ ಒಗ್ಗಲ್ಲ ಮಾರಾಯ,' ಅಂದ ಆಫೀಸಿನ ಗೆಳೆಯ. ಹಾಸ್ಟೆಲಿನಲ್ಲಿ ಮೈ ಕೆಮಿಕಲ್ ರೊಮ್ಯಾನ್ಸ್ ಕೇಳಿ ಕಣ್ಣೀರು ಹಾಕಿದವನು. ನಾನೂ ಹಾಕಿದ್ದೆ, ಬಿಡಿ.

ಎಮೋ ಅಂದರೇನು? 1985ರಲ್ಲಿ ವಾಷಿಂಗ್ಟನ್ನಿನ ರೈಟ್ಸ್ ಆಫ್ ಸ್ಪ್ರಿಂಗ್ ಹುಡುಗರು ಪಂಕ್ ಅಬ್ಬರದಲ್ಲೇ ತಮ್ಮ ಎದೆನೋವನ್ನು ಕಿರುಚಿ ರೆಕಾರ್ಡ್ ಮಾಡಿದರು. ಅಲ್ಲಿಂದ ಶುರು. ನಮ್ಮದೋ, 'ಭಾವಗೀತೆ' ಅಂತ ಹೆಸರಲ್ಲೇ ಭಾವ ಇಟ್ಟುಕೊಂಡ ಭಾಷೆ! ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ. ವಸ್ತಾರೆಯ ನಮ್ಮ ಮನೆಯಲ್ಲಿ ಮಳೆಗಾಲವಿಡೀ ಅದೇ. ಟೇಪು ಸವೆದು ಕರಕರ ಅಂದರೂ ಅಪ್ಪ ಆಫ್ ಮಾಡ್ತಿರಲಿಲ್ಲ.

ಗಿಟಾರಿಗೆ ಕನ್ನಡ ಕೂರಲ್ಲ ಅನ್ನೋದೂ ಸುಳ್ಳು. 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಮ್ ಬಂತು, 2009ರಲ್ಲಿ ಸ್ವರಾತ್ಮದ್ದು. ರಘು ಶಿಶುನಾಳ ಶರೀಫರನ್ನು ರಾಕ್ ವೇದಿಕೆಗೆ ತಂದರು. ಸಂತೋಷ. ಆದರೆ ಈಗ ಹೊಸ ಬ್ಯಾಂಡ್ ಕಟ್ಟುವವರೆಲ್ಲ ಶರೀಫರ ಬೆನ್ನ ಹಿಂದೆ ಅಡಗಿಕೊಂಡರೆ ಹೇಗೆ? 2001ರ ಹೊತ್ತಿಗೆ ಕಾಫಿ ಬೆಲೆ ಕುಸಿದಾಗ ಅಪ್ಪ ಮಾತು ಬಿಟ್ಟದ್ದು, ಪಿ.ಜಿ. ರೂಮಿನಲ್ಲಿ ಮೊದಲ ಮಳೆಗೆ ಊರು ನೆನಪಾಗಿ ಮಂಕಾಗಿ ಕೂತದ್ದು, ಇವನ್ನು ಶರೀಫರು ಬಂದು ಬರೆದುಕೊಡ್ತಾರಾ? ನೀವೇ ಬರೀಬೇಕು.

ತಪ್ಪು ನಮ್ಮದೂ ಇದೆ. ಯಾರೋ ರೂಮಲ್ಲೇ ಕೂತು ಸ್ವಂತ ಹಾಡು ರೆಕಾರ್ಡ್ ಮಾಡಿ ಕಳಿಸಿದರೆ, ಅರ್ಧ ನಿಮಿಷ ಕೇಳಿ 'ಮಿಕ್ಸಿಂಗ್ ಸರಿಯಿಲ್ಲ' ಅಂತೀವಿ. ನಾವು ಬರೆಯೋ ಕೋಡಿನ ಮೊದಲ ವರ್ಷನ್ ಎಷ್ಟು ಚೆನ್ನಾಗಿರುತ್ತೆ ಅಂತ ನಮಗೆ ಗೊತ್ತಿಲ್ವಾ? ಕರಕರ ಅಂದರೂ ಪೂರ್ತಿ ಕೇಳಿ. ಅಪ್ಪ ಕೇಳ್ತಿದ್ದ ಹಾಗೆ.