ನಕ್ಷತ್ರ ನೋಡಲು ಎಂಥ ದುರ್ಬೀನು?

ಮಕ್ಕಳಿಗೆ ಆಕಾಶವನ್ನು ತೋರಿಸಬೇಕೆಂದು ಜೋಡಿಗಣ್ಣಿನ ದುರ್ಬೀನು, ಅಂದರೆ ಬೈನಾಕ್ಯುಲರ್, ಕೊಳ್ಳಲು ಹೊರಟ ಗೃಹಸ್ಥರು ಅಂಗಡಿಯಲ್ಲಿ ಮೊದಲು ಕೇಳುವುದು, "ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?" ಎಂದು. ಅಂಗಡಿಯವನು ಇಪ್ಪತ್ತು, ಮೂವತ್ತು ಎಂದು ಏರುತ್ತಾ ಹೋಗುತ್ತಾನೆ. ಮನೆಗೆ ತಂದು ತಾರಸಿಯ ಮೇಲೆ ನಿಂತು ನೋಡಿದರೆ ನಕ್ಷತ್ರಗಳೆಲ್ಲ ಮಿಂಚುಹುಳುಗಳಂತೆ ಕುಣಿಯುತ್ತವೆ. ನೋಟ ಹಿಗ್ಗಿದಷ್ಟೂ ಕೈಯ ನಡುಕವೂ ಹಿಗ್ಗುವುದಷ್ಟೆ! ನಾಲ್ಕೇ ದಿನಗಳಲ್ಲಿ ದುರ್ಬೀನು ಬೀರುವಿನ ಪಾಲಾಗುತ್ತದೆ.

ದುರ್ಬೀನಿನ ಮೇಲೆ 7×50 ಅಥವಾ 10×50 ಎಂದು ಬರೆದಿರುತ್ತದೆ. ಮೊದಲನೆಯ ಅಂಕಿ ವರ್ಧನೆಯನ್ನೂ ಎರಡನೆಯದು ಮುಂದಿನ ಮಸೂರದ ವ್ಯಾಸವನ್ನೂ ಮಿಲಿಮೀಟರಿನಲ್ಲಿ ಹೇಳುತ್ತದೆ. ನಕ್ಷತ್ರವೀಕ್ಷಕರಿಗೆ ಮುಖ್ಯವಾದುದು ಈ ಎರಡನೆಯದೇ. ಕತ್ತಲೆಯಲ್ಲಿ ಅರಳಿದ ತರುಣರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ.; 50 ಮಿ.ಮೀ. ಮಸೂರವು ಅದರ ಐವತ್ತು ಪಟ್ಟು ಬೆಳಕನ್ನು ಕೂಡಿಹಾಕುತ್ತದೆ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಸೇರುವ ಬೆಳಕಿನ ಕಿರಣಪುಂಜದ ಅಗಲ ದೊರೆಯುತ್ತದೆ: 7×50ರಲ್ಲಿ ಸುಮಾರು 7, 10×50ರಲ್ಲಿ 5. ಐವತ್ತು ದಾಟಿದವರ ಪಾಪೆ ಸಾಮಾನ್ಯವಾಗಿ 5 ಮಿ.ಮೀ.ಗಿಂತ ಬಹಳ ಹೆಚ್ಚು ಅರಳದು. ಮಿಕ್ಕ ಬೆಳಕು ವ್ಯರ್ಥ. ಆದ್ದರಿಂದ ತಾತನೂ ಮೊಮ್ಮಗನೂ ನೋಡುವ ಮನೆಗೆ, ಅದರಲ್ಲಿಯೂ ಬೀದಿದೀಪಗಳಿಂದ ಬೆಳ್ಳಗಾದ ಪಟ್ಟಣದ ಆಕಾಶಕ್ಕೆ, 10×50 ಲೇಸೆಂದು ನನ್ನ ಅಭಿಪ್ರಾಯ. ಕೈ ನಡುಗುವವರು 7×50 ಆರಿಸಿಕೊಳ್ಳಲಿ.

ಹಣ ಕೊಡುವ ಮುನ್ನ ದೂರದ ಫಲಕವೊಂದನ್ನು ನೋಡಿ. ಅಕ್ಷರಗಳು ಎರಡೆರಡಾಗಿ ಕಂಡರೆ, ಅಥವಾ ಕಣ್ಣು ಸೆಳೆದಂತಾದರೆ, ಒಳಗಿನ ಪಟ್ಟಕಗಳು ಸ್ಥಾನ ತಪ್ಪಿವೆಯೆಂದು ತಿಳಿದು ಹಿಂದಿರುಗಿಸಿ. ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮಸೂರಕ್ಕೆ ಮರುಳಾಗಬೇಡಿ. ಆ ಹೊಳಪು ಹೆಚ್ಚಾಗಿ ಗಿರಾಕಿಯ ಕಣ್ಣಿಗಾಗಿ.

ಇಷ್ಟರಿಂದ ಏನು ಕಂಡೀತು? ಬರಿಗಣ್ಣಿಗೆ ಆರು ಚುಕ್ಕೆಗಳಾಗಿ ತೋರುವ ಕೃತ್ತಿಕೆಯಲ್ಲಿ ಹತ್ತಾರು ತಾರೆಗಳು ಕಾಣುತ್ತವೆ. 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಚಂದ್ರರೂ, ಮೊಣಕೈಯನ್ನು ತಾರಸಿಯ ಕಟ್ಟೆಗೆ ಊರಿ ನೋಡಿದರೆ, ಒಂದೇ ಸಾಲಿನಲ್ಲಿ ಗೋಚರಿಸುತ್ತವೆ. ಇಂಗ್ಲೆಂಡಿನ ನಿವೃತ್ತ ಶಾಲಾ ಉಪಾಧ್ಯಾಯರಾದ ಜಾರ್ಜ್ ಆಲ್ಕಾಕರು 1983ರಲ್ಲಿ ತಮ್ಮ ಮನೆಯೊಳಗಿನಿಂದ, ಕಿಟಕಿಯ ಗಾಜಿನ ಮೂಲಕ ದುರ್ಬೀನು ಹಿಡಿದೇ ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು! ಸಾವಿರಾರು ನಕ್ಷತ್ರಗಳ ಸ್ಥಾನ ಅವರಿಗೆ ಬಾಯಿಪಾಠವಾಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು.

ಹಗಲಿನಲ್ಲಿ ದುರ್ಬೀನನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಅದರ ಮೂಲಕ ಕ್ಷಣಕಾಲ ಸೂರ್ಯನನ್ನು ನೋಡಿದರೂ ದೃಷ್ಟಿ ಶಾಶ್ವತವಾಗಿ ನಷ್ಟವಾದೀತು.