ಹಡಗಿನ ದುಡ್ಡು ಹಡಗಲ್ಲೇ ಉಳೀತು

ಹೋದ ವರ್ಷ ಅಪ್ಪ ರಿಟೈರ್ ಆದರು. ಹಲಸೂರಿನ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಟಿಫನ್ ಕ್ಯಾರಿಯರ್ ಹಿಡ್ಕೊಂಡು ಬಸ್ ಹತ್ತಿ ಕಾರ್ಖಾನೆಗೆ ಹೋಗಿ ಬಂದ ಮನುಷ್ಯ. ಸಮುದ್ರ ಅಂದ್ರೆ ಅವರಿಗೆ ಚೆನ್ನೈನ ಮರೀನಾ ಬೀಚ್ ಅಷ್ಟೇ. "ರಿಟೈರ್ ಆದಮೇಲೆ ಒಂದ್ಸಲ ಹಡಗು ಹತ್ತಿಸ್ತೀನಿ" ಅಂತ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೇಳಿದ್ದೆ. ಹೇಳಿದ ಮಾತು ಉಳಿಸ್ಕೋಬೇಕಲ್ಲ.

ಕೆ.ಆರ್. ಪುರಂ ಕಡೆಯ ಆಫೀಸಿಂದ ಮೆಟ್ರೋದಲ್ಲಿ ವಾಪಸ್ ಬರ್ತಾ ಒಂದಿನ ಇಂದಿರಾನಗರದಲ್ಲಿ ಇಳಿದು ಒಂದು ಟ್ರಾವೆಲ್ ಏಜೆನ್ಸಿಗೆ ಹೋದೆ. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಮತ್ತೆ ಸಿಂಗಾಪುರ. ನಾಲ್ಕು ರಾತ್ರಿ, ನಾವು ಮೂವರಿಗೂ ಒಂದೇ ಕ್ಯಾಬಿನ್. ಲೆಕ್ಕ ಹಾಕ್ತಾ ನಾನು ಹಿಂದೆಮುಂದೆ ನೋಡ್ತಿದ್ದಾಗ ಏಜೆಂಟ್ ಹೇಳಿದ: "ಈ ವಾರ ಬುಕ್ ಮಾಡಿದ್ರೆ ಕ್ಯಾಬಿನ್‌ಗೆ 200 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ ಫ್ರೀ ಮೇಡಂ. ನಿಮ್ಮ ದುಡ್ಡು ಇದ್ದ ಹಾಗೇ."

ಆ "ಇದ್ದ ಹಾಗೇ" ಅನ್ನೋದನ್ನ ನಾನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ: "ಹಡಗಲ್ಲಿ ನಮಗೆ 200 ಡಾಲರ್ ಕೊಡ್ತಾರಂತೆ."

ಅಮ್ಮನಿಗೆ ಅದು ಗಂಟು ಹಾಕಿಟ್ಟುಕೊಂಡ ದುಡ್ಡಾಯ್ತು.

ಹಡಗಲ್ಲಿ ಯಾರೂ ನೋಟು ಕೊಟ್ಟು ಏನೂ ಕೊಳ್ಳೋದಿಲ್ಲ. ಹತ್ತುವಾಗಲೇ ಒಂದು ಕಾರ್ಡ್ ಕೊಡ್ತಾರೆ. ಕ್ಯಾಬಿನ್ ಬಾಗಿಲು ತೆಗೆಯೋದೂ ಅದೇ, ಖರ್ಚು ಬರೆಸೋದೂ ಅದೇ. ಮಾಮೂಲಿ ಊಟ, ತಿಂಡಿ ಟಿಕೆಟ್‌ನಲ್ಲೇ ಸೇರಿರುತ್ತೆ. ಸ್ಪೆಷಲ್ ಕಾಫಿ, ಇಂಟರ್‌ನೆಟ್, ಫೋಟೋ, ಸ್ಪಾ, ಬಂದರಲ್ಲಿ ಇಳಿದು ಸುತ್ತೋ ಟೂರ್, ಇವೆಲ್ಲ ಕಾರ್ಡ್ ಲೆಕ್ಕಕ್ಕೆ ಹೋಗುತ್ತೆ. ಆ ಲೆಕ್ಕದಲ್ಲಿ ಮೊದಲೇ ಜಮಾ ಆಗಿರೋ ಮೊತ್ತವೇ ಆನ್‌ಬೋರ್ಡ್ ಕ್ರೆಡಿಟ್. ನಮ್ಮ ಖರ್ಚು ಮೊದಲು ಅದರಿಂದ ಕಳೆದುಹೋಗುತ್ತೆ, ಮಿಕ್ಕಿದ್ದಕ್ಕೆ ನಮ್ಮ ಕ್ರೆಡಿಟ್ ಕಾರ್ಡ್.

ಅಮ್ಮ ದಿನಾ ರಾತ್ರಿ "ಎಷ್ಟಿದೆ ನೋಡು" ಅಂತ ನನ್ನ ಫೋನಲ್ಲಿ ಬ್ಯಾಲೆನ್ಸ್ ನೋಡಿಸ್ತಿದ್ಲು. ನಾನು ಎರಡು ಸಲ ಕಾಫಿ ತಂದಿದ್ದಕ್ಕೆ, ಒಂದು ದಿನ ಇಂಟರ್‌ನೆಟ್ ತಗೊಂಡಿದ್ದಕ್ಕೆ ಬೈಸಿಕೊಂಡೆ. "ಮೇಲೆ ಫ್ರೀ ಕಾಫಿ ಇಲ್ವಾ?"

ಎರಡನೇ ಸಂಜೆ ಹಡಗಿನ ಫೋಟೋಗ್ರಾಫರ್ ಮೆಟ್ಟಿಲ ಹತ್ರ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದ. ಕ್ಯಾಮೆರಾ ಕಂಡರೆ ಸಾಕು, ಅಪ್ಪ ರೇಷನ್ ಕಾರ್ಡ್ ಫೋಟೋದ ಮುಖ ಮಾಡ್ತಾರೆ. ಆವತ್ತು ಆತ ಅದೇನು ಹೇಳಿದ್ನೋ, ಅಪ್ಪ ಹಲ್ಲು ಕಾಣೋ ಹಾಗೆ ನಕ್ಕಿದ್ರು. ಅಮ್ಮ ಅವರ ಕಡೆ ತಿರುಗಿ ನೋಡ್ತಿದ್ಲು. ಮರುದಿನ ಪ್ರಿಂಟ್ ಮಾಡಿ ಇಟ್ಟಿದ್ರು. 25 ಡಾಲರ್. ಅಪ್ಪ ಅದನ್ನ ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ನಿಂತ್ರು. ಅಮ್ಮ ಮೆಲ್ಲಗೆ ತಗೊಂಡು ವಾಪಸ್ ಇಟ್ಟಳು. "ಎರಡು ಸಾವಿರ ರೂಪಾಯಿ ಆಯ್ತು. ಫೋನಲ್ಲಿ ತೆಗೆದಿದ್ದೀಯಲ್ಲ, ಸಾಕು ಬಿಡು."

ಕೊನೇ ದಿನ ಬೆಳಿಗ್ಗೆ ಇಳಿಯೋ ಮುಂಚೆ ಅಮ್ಮ ನನ್ನನ್ನ ಕೌಂಟರಿಗೆ ಎಳ್ಕೊಂಡು ಹೋದಳು. ಖರ್ಚಾಗಿದ್ದು 46 ಡಾಲರ್. ಉಳಿದಿದ್ದು 154. ನಮ್ಮ ರೂಪಾಯಿಯಲ್ಲಿ ಹೆಚ್ಚುಕಮ್ಮಿ 13 ಸಾವಿರ. ಕೌಂಟರಿನ ಹುಡುಗಿ ತುಂಬ ಮರ್ಯಾದೆಯಿಂದಲೇ ಹೇಳಿದಳು: ಇದು ಆಫರ್‌ನಲ್ಲಿ ಬಂದ ನಾನ್-ರಿಫಂಡಬಲ್ ಕ್ರೆಡಿಟ್, ಪ್ರಯಾಣ ಮುಗಿದ ಮೇಲೆ ಉಳಿದಿದ್ದು ಹೋಗುತ್ತೆ, ಕೈಗೆ ಕೊಡೋಕೆ ಬರೋದಿಲ್ಲ.

ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು ಕೇಳಿದ್ದು ಒಂದೇ: "ಹಾಗಾದ್ರೆ ಆ ಫೋಟೋ ಈಗ ತಗೋಬಹುದಾ?"

ಫೋಟೋ ಅಂಗಡಿ ಬಾಗಿಲು ಹಾಕಿಯಾಗಿತ್ತು.

ಟ್ಯಾಕ್ಸಿಯಲ್ಲಿ ಉಳಿದ ಕಥೆ ಹೊರಗೆ ಬಂತು. ಪೆನಾಂಗ್‌ನಲ್ಲಿ ನನ್ನ ಫೋನ್ ಇಸ್ಕೊಂಡು ಕೆ.ಆರ್. ಪುರಂನ ಚಿಕ್ಕಮ್ಮನ ಜೊತೆ ಮಾತಾಡಿದ್ಲಲ್ಲ, ಆಗ ಅವರ ಮಗನ ಪಿಯು ಕಾಲೇಜ್ ಫೀಸಿಗೆ ಕಮ್ಮಿ ಬಿದ್ದಿದ್ದ 10 ಸಾವಿರ ತಾನೇ ಕೊಡ್ತೀನಿ ಅಂದುಬಿಟ್ಟಿದ್ಲು. "ಬಾಯಿಬಿಟ್ಟು ಹೇಳಿಬಿಟ್ಟಿದೀನಿ ಕಣೇ" ಅಂದಳು. ಅಪ್ಪ ಕಿಟಕಿ ಹೊರಗೆ ನೋಡ್ತಾ ಕೂತಿದ್ರು.

ಟಿಕೆಟ್ ಹಿಂದೆ ಬರೆದ ಬಾಕಿ

ಅಮ್ಮನ ಲೆಕ್ಕ ತಪ್ಪಾ? ಅವಳಿಗೆ ಗೊತ್ತಿದ್ದ ಲೆಕ್ಕದ ಪ್ರಕಾರ ಸರಿಯಾಗೇ ಇತ್ತು.

ಶಿವಾಜಿನಗರ ಬಸ್‌ ಸ್ಟ್ಯಾಂಡಲ್ಲಿ ಬಿಎಂಟಿಸಿ ಹತ್ತಿದವರಿಗೆ ಇದು ಗೊತ್ತು. ಚಿಲ್ಲರೆ ಇಲ್ಲದಿದ್ರೆ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಎಷ್ಟು ಅಂತ ಬರೆದು ಕೊಡ್ತಾರೆ. ಇಳಿಯೋ ಮುಂಚೆ ಕೇಳಿ ಇಸ್ಕೊಂಡ್ರೆ ಆಯ್ತು. ದುಡ್ಡು ಮೊದಲಿಂದಲೂ ನಮ್ಮದೇ, ಸ್ವಲ್ಪ ಹೊತ್ತು ಅವರ ಹತ್ರ ಇತ್ತು ಅಷ್ಟೇ. ರಿಫಂಡಬಲ್ ಕ್ರೆಡಿಟ್ ಅಂದ್ರೆ ಇದು. ಪ್ರಯಾಣ ಮುಗಿದಾಗ ಮಿಕ್ಕಿದ್ದು ನಗದಾಗೋ, ಕಾರ್ಡಿಗೋ ವಾಪಸ್ ಬರುತ್ತೆ.

ಇನ್ನೊಂದು, ಮಾಲ್‌ನವರು ಕೊಡೋ ಕೂಪನ್ ಥರ. "200 ರೂಪಾಯಿ ಉಚಿತ" ಅಂತ ಬರೆದಿರುತ್ತೆ. ಆದ್ರೆ ಅವರ ಅಂಗಡಿಯಲ್ಲಿ, ಅವರು ಹೇಳಿದ ದಿನದೊಳಗೆ, ಅವರ ಸಾಮಾನಿಗೆ ಮಾತ್ರ. ಬಳಸದಿದ್ರೆ ಅದು ಬರೀ ಕಾಗದ. ಇದು ನಾನ್-ರಿಫಂಡಬಲ್. ಇದು ದುಡ್ಡಲ್ಲ, ಖರ್ಚು ಮಾಡೋಕೆ ಕೊಟ್ಟ ಪರ್ಮಿಷನ್.

ಅಮ್ಮ ಕೂಪನ್ನನ್ನ ಚಿಲ್ಲರೆ ಬಾಕಿ ಅಂದ್ಕೊಂಡು ಉಳಿಸಿದಳು. ಚಿಲ್ಲರೆ ಉಳಿಸಿದ್ರೆ ಉಳಿಯುತ್ತೆ. ಕೂಪನ್ ಉಳಿಸಿದಷ್ಟೂ ಲಾಭ ಕೊಟ್ಟವರಿಗೆ.

ಯಾವುದು ಎಲ್ಲಿಂದ ಬರುತ್ತೆ

ಬುಕಿಂಗ್ ಆಫರ್, ಹಬ್ಬದ ಆಫರ್, ಕಂಪನಿ ತಾನಾಗಿ ಕೊಡೋ ಉಡುಗೊರೆ, ಇವು ಸಾಮಾನ್ಯವಾಗಿ ನಾನ್-ರಿಫಂಡಬಲ್. ಅಮೆರಿಕದ ಷೇರು ಇಟ್ಕೊಂಡಿರೋ ನಮ್ಮ ಐಟಿ ಮಂದಿಗೆ ಇನ್ನೊಂದು ವಿಷಯ: ರಾಯಲ್ ಕೆರಿಬಿಯನ್, ಕಾರ್ನಿವಲ್ ಥರದ ಕಂಪನಿಗಳು ಕನಿಷ್ಠ 100 ಷೇರು ಇರೋರಿಗೂ ಕ್ರೆಡಿಟ್ ಕೊಡ್ತವೆ. ಅದನ್ನೂ ಹಡಗಲ್ಲಿ ಖರ್ಚು ಮಾಡಬಹುದೇ ಹೊರತು ನಗದಾಗಿ ತಗೊಳ್ಳೋಕಾಗಲ್ಲ. ಬುಕ್ ಮಾಡಿದ ಮೇಲೆ ಟಿಕೆಟ್ ದರ ಇಳಿದು, ವ್ಯತ್ಯಾಸವನ್ನ ಕ್ರೆಡಿಟ್ ಆಗಿ ಕೊಟ್ರೆ ಅದೂ ಎಷ್ಟೋ ಸಲ ಇದೇ ಜಾತಿ.

ವಾಪಸ್ ಬರೋದು ಹೆಚ್ಚಾಗಿ ನಮ್ಮ ಜೇಬಿಂದಲೇ ಹೋದ ದುಡ್ಡು. ಉದಾಹರಣೆಗೆ, ದುಡ್ಡು ಕಟ್ಟಿ ಟೂರ್ ಬುಕ್ ಮಾಡಿದ್ರಿ, ಹವಾಮಾನ ಕೆಟ್ಟು ಹಡಗು ಆ ಬಂದರಿಗೆ ಹೋಗಲೇ ಇಲ್ಲ. ಹಡಗಿನವರ ಮೂಲಕವೇ ಬುಕ್ ಮಾಡಿದ್ರೆ ಆ ದುಡ್ಡು ನಿಮ್ಮ ಲೆಕ್ಕಕ್ಕೆ ಮರಳಿ ಜಮಾ ಆಗುತ್ತೆ, ಮಿಕ್ಕಿದ್ದು ನಿಮಗೆ ಬರುತ್ತೆ.

ಒಂದೇ ಲೆಕ್ಕದಲ್ಲಿ ಎರಡೂ ಜಾತಿ ಇರಬಹುದು. ಹಾಗಿದ್ರೆ ಯಾವುದು ಮೊದಲು ಖರ್ಚಾಗುತ್ತೆ ಅಂತ ಮೊದಲ ದಿನವೇ ಕೌಂಟರಲ್ಲಿ ಕೇಳಿ. ವಾಪಸ್ ಬರದಿರೋದು ಮೊದಲು ಹೋದರೆ ನಮಗೆ ಒಳ್ಳೇದು.

"ಕ್ಯಾಸಿನೋದಲ್ಲಿ ಚಿಪ್ಸ್ ತಗೊಂಡು ನಗದು ಮಾಡ್ಕೊಳ್ಳಿ" ಅಂತ ಐಡಿಯಾ ಕೊಡೋರಿದ್ದಾರೆ. ಹಡಗಿನವರು ನಮಗಿಂತ ಬುದ್ಧಿವಂತರು. ನಾನ್-ರಿಫಂಡಬಲ್ ಕ್ರೆಡಿಟ್ ಇರೋರಿಗೆ ಹೆಚ್ಚಿನ ಕಡೆ ಆ ದಾರಿ ಮುಚ್ಚಿರುತ್ತೆ.

ನನ್ನ ನಿಜವಾದ ತಪ್ಪು

ಕಾಫಿ, ಫೋಟೋ ಬಿಡಿ. ದೊಡ್ಡ ತಪ್ಪು ನಾನು ಇಂದಿರಾನಗರದಲ್ಲೇ ಮಾಡಿ ಮುಗಿಸಿದ್ದೆ.

ದೊಡ್ಡ ಹಡಗುಗಳಲ್ಲಿ ಕೆಲಸದವರಿಗೆ ಅಂತ ಟಿಪ್ಸ್ ದಿನಕ್ಕೆ ತಲಾ ಇಷ್ಟು ಅಂತ ತಾನಾಗೇ ಲೆಕ್ಕಕ್ಕೆ ಬೀಳುತ್ತೆ. ನಮಗೆ ದಿನಕ್ಕೆ ತಲಾ 18 ಡಾಲರ್. ಮೂರು ಜನ, ನಾಲ್ಕು ದಿನ: 216 ಡಾಲರ್. "ಮೊದಲೇ ಕಟ್ಟಿಬಿಡಿ ಮೇಡಂ, ಅಲ್ಲಿ ತಲೆನೋವಿರಲ್ಲ" ಅಂದ ಏಜೆಂಟ್. ನಾನು ಇಲ್ಲೇ ಕಟ್ಟಿದೆ.

ಕಟ್ಟದೇ ಹೋಗಿದ್ರೆ? ಆ 216 ಡಾಲರ್ ಹಡಗಿನ ಲೆಕ್ಕಕ್ಕೆ ಬೀಳ್ತಿತ್ತು. ನಾನ್-ರಿಫಂಡಬಲ್ ಕ್ರೆಡಿಟ್ಟನ್ನ ಟಿಪ್ಸ್‌ಗೆ ಹೊಂದಿಸ್ಕೊಳ್ಳೋಕೆ ಹೆಚ್ಚಿನ ಕಡೆ ಬಿಡ್ತಾರೆ. ಅಂದ್ರೆ 200 ಡಾಲರ್ ಪೂರ್ತಿ ಅಲ್ಲೇ ವಜಾ ಆಗಿ, ನಾನು ಬೆಂಗಳೂರಲ್ಲಿ ಕಟ್ಟಿದ ದುಡ್ಡು ನನ್ನ ಹತ್ರವೇ ಉಳೀತಿತ್ತು. ಕೂಪನ್ ನಿಜವಾಗ್ಲೂ ದುಡ್ಡಾಗೋದು ಹೀಗೆ: ಹೇಗಿದ್ರೂ ಮಾಡಲೇಬೇಕಾದ ಖರ್ಚಿಗೆ ಅದನ್ನ ಹಚ್ಚಿದಾಗ. ಅಮ್ಮನ ಉಳಿತಾಯದ ಆಸೆ ಸರಿಯಾಗಿತ್ತು. ಉಳಿಸೋ ದಾರಿ ತೋರಿಸಬೇಕಾದ ನಾನು ಎರಡು ಪುಟದ ಷರತ್ತು ಓದಿರಲಿಲ್ಲ. ಆಮೇಲೆ ತೆಗೆದು ನೋಡಿದ್ರೆ, ನಾನ್-ರಿಫಂಡಬಲ್ ಅಂತ ಸಣ್ಣಕ್ಷರದಲ್ಲಿ ಬರೆದೇ ಇತ್ತು.

ಬುಕ್ ಮಾಡೋ ಮುಂಚೆ ಕೇಳಿ

ಈ ಐದು ಪ್ರಶ್ನೆಗೆ ಉತ್ತರವನ್ನ ವಾಟ್ಸಾಪಲ್ಲೋ ಇಮೇಲಲ್ಲೋ ಬರೆಸಿಕೊಳ್ಳಿ. ಬಾಯಿಮಾತು ಬೇಡ.

1. ಈ ಕ್ರೆಡಿಟ್ ರಿಫಂಡಬಲ್ಲಾ, ನಾನ್-ರಿಫಂಡಬಲ್ಲಾ?

2. ಕ್ಯಾಬಿನ್‌ಗೆ ಇಷ್ಟಾ, ತಲೆಗೆ ಇಷ್ಟಾ? ಎರಡಕ್ಕೂ ಬಹಳ ವ್ಯತ್ಯಾಸ ಇದೆ.

3. ಟಿಪ್ಸ್‌ಗೆ ಇದನ್ನ ಬಳಸಬಹುದಾ? ಹೌದು ಅಂದ್ರೆ ಮುಂಚಿತವಾಗಿ ಟಿಪ್ಸ್ ಕಟ್ಟಬೇಡಿ.

4. ಹಡಗು ಹತ್ತೋ ಮುಂಚೆ ಆನ್‌ಲೈನಲ್ಲಿ ಬುಕ್ ಮಾಡೋ ಟೂರು, ಇಂಟರ್‌ನೆಟ್ಟಿಗೆ ಇದು ಸಲ್ಲುತ್ತಾ? ಎಷ್ಟೋ ಕಡೆ ಹತ್ತಿದ ಮೇಲಷ್ಟೇ ಬಳಸೋಕಾಗೋದು. ಎಲ್ಲವನ್ನೂ ಮನೆಯಲ್ಲೇ ಕೂತು ಬುಕ್ ಮಾಡಿದ್ರೆ ಕ್ರೆಡಿಟ್ಟಿಗೆ ಕೆಲಸವೇ ಇರೋದಿಲ್ಲ.

5. ರಿಫಂಡಬಲ್ ಆದ್ರೆ ಹೇಗೆ ವಾಪಸ್ ಬರುತ್ತೆ? ಕಾರ್ಡಿಗೆ ಬರೋದಾದ್ರೆ ಕೆಲವು ದಿನ ಕಾಯಬೇಕು, ಡಾಲರನ್ನ ರೂಪಾಯಿ ಮಾಡೋವಾಗ ಬ್ಯಾಂಕಿನ ದರ ಅನ್ವಯ ಆಗುತ್ತೆ.

ಹತ್ತಿದ ಮೇಲೆ ನೆನಪಿಡಬೇಕಾದ್ದು ಒಂದೇ. ಉಳಿದ ಕ್ರೆಡಿಟ್ ಮುಗಿಸೋಕೆ ಕೊನೇ ಬೆಳಿಗ್ಗೆವರೆಗೆ ಕಾಯಬೇಡಿ. ಹಡಗು ಬಂದರಲ್ಲಿ ನಿಂತಿರುವಾಗ ಒಳಗಿನ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಹಿಂದಿನ ದಿನ ಮಧ್ಯಾಹ್ನವೇ ಲೆಕ್ಕ ನೋಡಿ.

ವಿದೇಶಕ್ಕೇ ಹೋಗಬೇಕು ಅಂತಿಲ್ಲ. ಕಾರ್ಡೇಲಿಯಾದವರ 'ಎಂಪ್ರೆಸ್' ಹಡಗು 2021ರಲ್ಲಿ ಮುಂಬೈನಿಂದ, ಮರುವರ್ಷ ಚೆನ್ನೈನಿಂದಲೂ ಹೊರಟಿತು. ಕೆ.ಆರ್. ಪುರಂ ಸ್ಟೇಷನ್ನಲ್ಲಿ ರೈಲು ಹತ್ತಿದ್ರೆ ಚೆನ್ನೈ ಏನು ದೂರ? ಆದ್ರೆ ಯಾವ ಹಡಗಾಗಲಿ, ಯಾರೇ "ಕ್ರೆಡಿಟ್ ಫ್ರೀ" ಅಂದ್ರೂ ಮೊದಲ ಪ್ರಶ್ನೆ ಇದೇ ಇರಲಿ.

ಊರಿಗೆ ಬಂದ ಮೇಲೆ ಆ ಫೋಟೋಗೋಸ್ಕರ ಹಡಗಿನವರಿಗೆ ಇಮೇಲ್ ಬರೆದೆ. ಅಳಿಸಿಯಾಗಿದೆ ಅಂತ ಉತ್ತರ ಬಂತು. ಚಿಕ್ಕಮ್ಮನಿಗೆ ನಾನೇ 10 ಸಾವಿರ ಕಳಿಸಿದೆ. ಅಮ್ಮನಿಗೆ ಹೇಳಿರಲಿಲ್ಲ, ಹೇಗೋ ಗೊತ್ತಾಯ್ತು. ಮಾರನೇ ದಿನ ಅಡುಗೆಮನೆ ಡಬ್ಬಿಯಿಂದ ನೋಟು ಎಣಿಸಿ ನನ್ನ ಮುಂದಿಟ್ಟಳು. "ಮಾತು ಕೊಟ್ಟಿದ್ದು ನಾನು, ನೀನಲ್ಲ." ಬೇಡ ಅಂದ್ರೆ ಕೇಳೋ ಪೈಕಿ ಅಲ್ಲ. ತಗೊಂಡೆ.

ಮೊನ್ನೆ ಭಾನುವಾರ ಮೂವರೂ ಒಂದು ಮಾಲ್‌ಗೆ ಹೋಗಿದ್ವಿ. ಊಟ ಆದಮೇಲೆ ಫುಡ್ ಕೋರ್ಟ್ ಕಾರ್ಡಲ್ಲಿ 70 ರೂಪಾಯಿ ಉಳಿದಿತ್ತು. ನಾನು ಪರ್ಸಿಗೆ ಹಾಕ್ಕೊಳ್ತಿದ್ದೆ. ಅಮ್ಮ ಕೈಯಿಂದ ಕಿತ್ಕೊಂಡು ಕೌಂಟರಿನ ಹುಡುಗನ ಹತ್ರ ಹೋದಳು.

"ಇದರಲ್ಲಿರೋದು ವಾಪಸ್ ಕೊಡ್ತೀಯೇನಪ್ಪಾ?"

"ಇಲ್ಲ ಆಂಟಿ, ಇಲ್ಲೇ ಬಳಸಬೇಕು."

"ಸರಿ ಹಾಗಾದ್ರೆ, ಒಂದು ಐಸ್‌ಕ್ರೀಮ್ ಕೊಡು."

ಅಪ್ಪನಿಗೆ ಶುಗರ್ ಇದೆ. ಆದ್ರೂ ಪೂರ್ತಿ ತಿಂದರು. ಅಮ್ಮ ಏನೂ ಅನ್ನಲಿಲ್ಲ.