ಓದಿನ ಅಂಗಳ: ‘ಕುಸುಮಬಾಲೆ’ ನಮ್ಮ ಮುಂದಿಟ್ಟ ಪ್ರಶ್ನೆ



ಈ ಬಾರಿ ನಮ್ಮ ಓದುಗರ ಬಳಗವು ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಚರ್ಚೆಗೆ ಎತ್ತಿಕೊಂಡಿತ್ತು. 1984ರಲ್ಲಿ ಪ್ರಕಟವಾಗಿ, 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾದ ಈ ಕಾದಂಬರಿ ಗಾತ್ರದಲ್ಲಿ ಕಿರಿದು, ಹಂಬಲದಲ್ಲಿ ಹಿರಿದು. ದಲಿತ ಯುವಕ ಚೆನ್ನನಿಗೂ ಮೇಲುಜಾತಿಯ ಮನೆಮಗಳು ಕುಸುಮಳಿಗೂ ಒಲವು ಮೂಡುತ್ತದೆ. ಅದಕ್ಕಾಗಿ ಚೆನ್ನ ಪ್ರಾಣ ತೆರುತ್ತಾನೆ. ಮನೆಮನೆಯ ದೀಪದ ಜೋತಮ್ಮಂದಿರು ಇರುಳಿನಲ್ಲಿ ಕಲೆತು ಮಾತನಾಡುವ ವಿಸ್ಮಯವೂ ಇಲ್ಲಿದೆ.

ಭಾಷೆ ಕಠಿಣವೆಂಬುದೇ ಮೊದಲ ದೂರು. ಧಾರವಾಡದ ಕಡೆಯವರಾದ ನಮಗೆ ನಂಜನಗೂಡು ಸೀಮೆಯ ಆಡುಮಾತು ಸುಲಭವಾಗಿ ಒಲಿಯಲಿಲ್ಲ. ಆ ಸೀಮೆಯಿಂದ ಸೊಸೆಯಾಗಿ ಬಂದ ಸದಸ್ಯೆಯೊಬ್ಬರು ಗಟ್ಟಿಯಾಗಿ ಓದತೊಡಗಿದಾಗ ಗಂಟು ತಾನಾಗಿ ಸಡಿಲಿತು. ಅಲ್ಲಮನ ವಚನಗಳನ್ನು ಸಂಪಾದಿಸಿದ ಎಲ್. ಬಸವರಾಜು ಅವರು ಈ ಗದ್ಯವನ್ನು ಪದ್ಯದ ಸಾಲುಗಳಾಗಿ ವಿಂಗಡಿಸಿದ್ದೇಕೆಂಬುದು ಆಗ ಅರಿವಾಯಿತು.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾಗಿತ್ತು. ಅಕ್ಕಮಹಾದೇವಿಯ ಹೆಸರು ಹೊತ್ತ ಪಾತ್ರವೊಂದು ಇಲ್ಲಿರುವುದು ಕೆಲವರಿಗೆ ನೋವು ತಂದಿತು. “ನಮ್ಮ ಮನೆಗಳನ್ನೇ ಹೀಗೇಕೆ ಕಾಣಿಸಬೇಕು?” ಎಂದರು ಹಿರಿಯರೊಬ್ಬರು. ಅವರ ಮೊಮ್ಮಗಳ ವಯಸ್ಸಿನ ತರುಣಿ ವಿನಯದಿಂದಲೇ ಕೇಳಿದಳು: “ಅಜ್ಜಾರ, ಹರಳಯ್ಯನ ಮಗ ಶೀಲವಂತ ಈಗ ನಮ್ಮ ಮನಿಗೆ ಹೆಣ್ಣು ಕೇಳಾಕ ಬಂದ್ರ ಏನಂತೀರಿ?” ಸಭೆ ಬಹಳ ಹೊತ್ತು ಮೌನವಾಗಿತ್ತು.

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹಕ್ಕಾಗಿ ಆ ತಂದೆಯರು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಎಳೆಹೂಟೆಯ ಶಿಕ್ಷೆ ಅನುಭವಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಕಥೆಯನ್ನು ಪ್ರವಚನದಲ್ಲಿ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಮನೆಯಲ್ಲಿ ವರಾನ್ವೇಷಣೆ ಆರಂಭವಾದರೆ ಒಳಪಂಗಡವನ್ನೂ ದಾಟಲಾರೆವು. ಹರಳಯ್ಯನಿಗಾಗಿ ಮಿಡಿಯುವ ಮನಸ್ಸು ಚೆನ್ನನ ಮುಂದೆ ಹಿಂಜರಿಯುವುದೇಕೆ? ಕಾದಂಬರಿ ನಮ್ಮನ್ನು ನಿಂದಿಸುತ್ತಿಲ್ಲ. ನಾವೇ ಆಡಿದ ಮಾತನ್ನು ನೆನಪಿಸುತ್ತಿದೆ.

ಎಲ್ಲರೂ ಒಮ್ಮತಕ್ಕೆ ಬರಲಿಲ್ಲ. ಆ ಹಿರಿಯರು ಮಾತ್ರ ಪುಸ್ತಕವನ್ನು ಇನ್ನೊಮ್ಮೆ ಓದಲೆಂದು ಕೇಳಿ ಪಡೆದರು. ಓದುಗ ಕುಟುಂಬಗಳೂ ಮಕ್ಕಳೊಡನೆ ಕುಳಿತು ಇದನ್ನು ಗಟ್ಟಿಯಾಗಿ ಓದಲೆಂದು ನಾವು ಕೋರುತ್ತೇವೆ.